ಕೋರ್ಟಿನಲ್ಲಿ ಶೇಖರಣ್ಣ ಹೇಳಿದ ‘ಹಾಂ’

ದುಬೈಯ ಜೆಬೆಲ್ ಅಲಿಯಲ್ಲಿರುವ ನಮ್ಮ ಗೋದಾಮಿನ ಡ್ರೈವರ್ ಶೇಖರಣ್ಣ ಉಡುಪಿ ಕಡೆಯವರು. ಅವರ ಪಿಕಪ್ ತಾಗಿ ರಸ್ತೆ ದಾಟುತ್ತಿದ್ದವರೊಬ್ಬರ ಕಾಲು ಮುರಿದಿತ್ತು. ಪೊಲೀಸರು ಹಿಡಿದುಕೊಂಡು ಹೋದ ಮೇಲೆ ಶೇಖರಣ್ಣನನ್ನು ನಾನು ಮೊದಲು ನೋಡಿದ್ದು ದುಬೈ ಕೋರ್ಟಿನಲ್ಲೇ. ಕಂಪನಿಯ ಪರವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ನ್ಯಾಯಾಧೀಶರು ಅರಬ್ಬಿಯಲ್ಲಿ ಕೇಳಿದ್ದನ್ನು ದುಭಾಷಿ ಹಿಂದಿಯಲ್ಲಿ ಹೇಳಿದ: “ಗಾಡಿ ಬಿಟ್ಟು ಓಡಿದೆಯಾ?”

“ಹಾಂ,” ಅಂದುಬಿಟ್ಟರು ಶೇಖರಣ್ಣ.

ತಪ್ಪು ಒಪ್ಪಿಕೊಂಡಂತಾಯಿತಲ್ಲ ಎಂದು ನಾನು ಎದ್ದು ನಿಂತು ಕನ್ನಡದಲ್ಲೇ ಕೂಗಿದೆ, “ಎಲ್ಲಿಗೆ ಓಡಿದ್ರಿ, ಅದನ್ನೂ ಹೇಳಿ!”

ಪೊಲೀಸ್ ನನ್ನ ತೋಳು ಹಿಡಿದ. ಹೊರಗೆ ಹಾಕುತ್ತಾರೆ ಅಂದುಕೊಂಡೆ. ನ್ಯಾಯಾಧೀಶರು ಕೈಸನ್ನೆ ಮಾಡಿ ಮುಂದಕ್ಕೆ ಕರೆದರು.

“ಎದುರಿನ ಅಂಗಡಿಗೆ ಮಾರಾಯ್ರೆ, ಆಂಬುಲೆನ್ಸಿಗೆ ಫೋನ್ ಮಾಡ್ಲಿಕ್ಕೆ,” ಎಂದು ಶೇಖರಣ್ಣ ಅತ್ತುಬಿಟ್ಟರು. ನಾನು ಅದನ್ನು ಹಿಂದಿಗೆ, ದುಭಾಷಿ ಅರಬ್ಬಿಗೆ ದಾಟಿಸಿದೆವು.

ಅಂಗಡಿಯವನನ್ನು ವಿಚಾರಿಸಲು ಕೇಸು ಒಂದು ವಾರ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಯಾರಾದರೂ ಪಾಸ್‌ಪೋರ್ಟ್ ಜಾಮೀನಿಟ್ಟರೆ ಬಿಡುತ್ತೇವೆ ಎಂದರು. ಹಿಂದೆಮುಂದೆ ನೋಡದೆ ನನ್ನದನ್ನೇ ಕೊಟ್ಟೆ. ಮುಂದಿನ ವಾರ ಅಂಗಡಿಯವನು ಬಂದು ನಿಜ ಹೇಳಿದ; ಓಡಿಹೋದ ಆರೋಪ ಬಿದ್ದುಹೋಯಿತು.

ಮೆಟ್ಟಿಲಿಳಿಯುವಾಗ ಶೇಖರಣ್ಣ ಮೆಲ್ಲಗೆ ಕೇಳಿದರು, “ನಿಮ್ಮ ಹಿಂದಿ ನನ್ನದಕ್ಕಿಂತ ಕಡೆ ಉಂಟಲ್ಲ ಮಾರಾಯ್ರೆ, ಆ ದುಭಾಷಿಗೆ ಹೇಗೆ ಅರ್ಥ ಆಯ್ತು?”