ಗೋಣಿಸೊಪ್ಪಿನ ಹುಳಿ ಮತ್ತು ನನ್ನ ಮುಂಜಾವಿನ ಜಂಭ

ನಮ್ಮ ಸಾನ್ ಗ್ರೆಗೊರಿಯೊದಲ್ಲಿ ಸೂರ್ಯನಿಗಿಂತ ಮೊದಲು ಏಳುವವನು ಯಾರು ಎಂದು ಕೇಳಿದರೆ ಜನ ನನ್ನ ಹೆಸರು ಹೇಳುತ್ತಿದ್ದರು. ಹೇಳದಿದ್ದರೆ ನಾನೇ ಹೇಳುತ್ತಿದ್ದೆ. ಬೆಳಗಿನ ನಾಲ್ಕು ಗಂಟೆಗೆ ದೋಣಿ ಹತ್ತಿ, ಕಾಲುವೆಗಳ ನಡುವೆ ಕೆಸರು ಪೇರಿಸಿ ಕಟ್ಟಿದ ನನ್ನ ತುಂಡು ಚಿನಾಂಪ ತೋಟದಲ್ಲಿ ಗೋಣಿಸೊಪ್ಪು ಕೊಯ್ದು, ಉಳಿದವರು ಕಣ್ಣುಜ್ಜುವ ಹೊತ್ತಿಗೆ ಸಂತೆಯಲ್ಲಿ ಎದೆಯುಬ್ಬಿಸಿ ನಿಲ್ಲುವ ಆಸಾಮಿ ಈ ನಬೋರ್. ಐವತ್ತೆರಡು ವರ್ಷದಲ್ಲಿ ನಾನು ಸಾಧಿಸಿದ್ದು ಇದೊಂದನ್ನೇ. ಹಾಗಾಗಿ ಜಂಭವನ್ನೆಲ್ಲ ಇದರ ಮೇಲೇ ಹೇರಿದ್ದೆ.

ನನ್ನ ಸೊಪ್ಪು ಕೊಳ್ಳುತ್ತಿದ್ದವಳು ಎದುವಿಹೆಸ್. ಗಂಡ ಸತ್ತ ಮೇಲೆ ಸಂತೆಯ ಮೂಲೆಯಲ್ಲಿ ಊಟದ ಅಂಗಡಿ ಹಾಕಿಕೊಂಡವಳು. ಹಂದಿಮಾಂಸಕ್ಕೆ ಗೋಣಿಸೊಪ್ಪು ಸೇರಿಸಿ ಅವಳು ಮಾಡುವ ಹಸಿರು ಸಾರಿಗೆ ಜನ ಸಾಲು ನಿಲ್ಲುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ ತೆಲೆಸ್ಫೊರಾ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ, ಹಲ್ಲಿಲ್ಲದ ಬಾಯಲ್ಲಿ ನಗುತ್ತಾ ಕೂತಿರುತ್ತಿದ್ದಳು.

ನನಗೆ ಎದುವಿಹೆಸ್ ಮೇಲೆ ಮನಸ್ಸಿತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತೊದಲುತ್ತಾ ಮದುವೆಯ ಮಾತೆತ್ತಿದೆ. ಅವಳು ನನ್ನ ಬುಟ್ಟಿಯಿಂದ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ಹಾಕಿದ್ದೇ ತಡ, ಮುಖ ಕಿವುಚಿಕೊಂಡಳು.

“ಅಯ್ಯಪ್ಪಾ, ಏನು ಹುಳಿ ಮಾರಾಯ! ನನ್ನ ಮುಖ ಕಿವುಚಿಸದ ಸೊಪ್ಪು ತಗೊಂಡ್ ಬಾ. ಅವತ್ತು ಉತ್ತರ ಕೊಡ್ತೀನಿ.”

“ಸಂಜೆ ಬಾರಪ್ಪಾ,” ಎಂದಳು ತೆಲೆಸ್ಫೊರಾ.

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಸಂಜೆ ಸೊಪ್ಪು ತರುವವನೆಂದರೆ ಸೋಮಾರಿ, ಇಲ್ಲವೇ ಕುಡುಕ. ಗಿರಾಕಿಗಳೆದುರು ಈ ಬೊಕ್ಕತಲೆಯ ವರ ನಿಲ್ಲುವುದು ಬೇಡವೆಂದು ಮುದುಕಿ ಸಾಗಹಾಕುತ್ತಿದ್ದಾಳೆ ಅಂದುಕೊಂಡೆ. “ಅಮ್ಮಾ, ನಾನು ನಾಲ್ಕಕ್ಕೇ ಏಳೋ ಗಂಡಸು!” ಎಂದು ಗುಡುಗಿ ಬಂದೆ.

ಆಮೇಲೆ ನಾನು ಮಾಡದ ಕಸರತ್ತಿಲ್ಲ. ಬೀಜ ಬದಲಿಸಿದೆ. ಗೊಬ್ಬರ ಬದಲಿಸಿದೆ. ಕಾಲುವೆಯ ತಳದ ಕೆಸರು ಎತ್ತಿ ಹಾಕಿದೆ. ಹರಕೆ ಹೊತ್ತ ಸಂತನನ್ನೂ ಬದಲಿಸಿದೆ. ಕೊಯ್ಯುವ ಹೊತ್ತನ್ನು ಮಾತ್ರ ಮುಟ್ಟಲಿಲ್ಲ. ಮಳೆಗಾಲದಲ್ಲಿ ಹುಳಿ ತುಸು ತಗ್ಗುತ್ತಿತ್ತು, ಆದರೆ ಅವಳ ಹುಬ್ಬಿನ ಗಂಟು ಪೂರ್ತಿ ಬಿಚ್ಚುತ್ತಿರಲಿಲ್ಲ. ಬೇಸಿಗೆ ಬಂದರೆ ಮತ್ತೆ ಅದೇ ಮುಖ. ಮುದುಕಿಯೂ ಬಿಡದೆ “ಸಂಜೆ ಬಾರಪ್ಪಾ” ಎನ್ನುತ್ತಿದ್ದಳು, ನಾನೂ ಬಿಡದೆ ಗುಡುಗುತ್ತಿದ್ದೆ. ಹೀಗೇ ಮೂರು ವರ್ಷ ಆಗುತ್ತಾ ಬಂತು. ಹೋದ ನವೆಂಬರಿನಲ್ಲಿ ತೆಲೆಸ್ಫೊರಾ ತೀರಿಕೊಂಡಳು.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸಂತೆಯ ಕಟ್ಟೆ ಹತ್ತಿರವಾಗುತ್ತಿದ್ದಂತೆ, ಎದುವಿಹೆಸ್ ನೋಡಲಿ ಎಂದು ದೋಣಿಯ ಮೇಲೆ ಎದ್ದು ನಿಂತು ಟೋಪಿ ಎತ್ತಿದೆ. ಮರುಕ್ಷಣವೇ ದೋಣಿ ಒಂದು ಕಡೆ, ಟೋಪಿ ಒಂದು ಕಡೆ, ಕಾಲುವೆಯ ಪಾಚಿಯಲ್ಲಿ ನಾನು. ಸೊಪ್ಪೆಲ್ಲ ನೀರುಪಾಲಾಯಿತು. ಮನೆಗೆ ಹೋಗಿ ಇದ್ದೊಂದು ಪ್ಯಾಂಟು ಒಣಗುವವರೆಗೆ ಕಂಬಳಿ ಸುತ್ತಿಕೊಂಡು ಕೂತೆ. ಮತ್ತೆ ಕೊಯ್ದು ತರುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ಸೋಮಾರಿಗಳ ಹೊತ್ತಿನಲ್ಲಿ ತಲೆ ತಗ್ಗಿಸಿ ಅವಳ ಮುಂದೆ ನಿಂತೆ.

ಅವಳು ಎಲೆ ಅಗಿದಳು. ಹುಬ್ಬು ಅಲ್ಲಾಡಲಿಲ್ಲ. ಇನ್ನೊಂದು ಅಗಿದಳು.

“ಅಂತೂ ಸಂಜೆ ಬಂದೆ.”

“ಬಿದ್ದು ಬಂದೆ,” ಎಂದೆ. “ಯಾಕೆ, ಹುಳಿ ಇಲ್ವಾ?”

“ಇಲ್ಲ. ಅವ್ವ ಕೊಯ್ತಿದ್ದುದೇ ಈ ಹೊತ್ತಿಗೆ. ಬೆಳಿಗ್ಗೆ ಹುಳಿ ಇರತ್ತೆ, ಬಿಸಿಲು ತಿಂದ ಮೇಲೆ ಹೋಗತ್ತೆ ಅಂತಿದ್ಲು.”

“ಬಿಡಿಸಿ ಹೇಳ್ಬಾರ್ದಿತ್ತಾ ನನಗೆ?”

“ಹೇಳೋಕೆ ಬಿಟ್ರೆ ತಾನೆ? ಬಾಯಿ ತೆಗೆದ್ರೆ ನಾಲ್ಕು ಗಂಟೆಗೆ ಏಳೋ ನಿನ್ನ ಪುರಾಣ ಶುರು. ಅದು ಮುಗಿಯೋ ಹೊತ್ತಿಗೆ ನನ್ನ ಸಾರು ತಳ ಹಿಡೀತಿತ್ತು. ಕೇಳಿಸ್ಕೊಳ್ದೇ ಇರೋನ ಜೊತೆ ಬಾಳೋದು ಹೇಗೆ ಅಂತ ನಾನೂ ಹಟ ಹಿಡಿದೆ.”

ಈಚೆಗೆ ಕೃಷಿ ಶಾಲೆಯ ಹುಡುಗಿಯೊಬ್ಬಳು ಬಂದು, ಎಲೆಯ ರಸವನ್ನು ಹುಳಿ ಅಳೆಯುವ ಕಾಗದಕ್ಕೆ ಹಚ್ಚಿ ನೋಡಿ ಅದನ್ನೇ ಹೇಳಿದಳು. ನೀರು ಸಾಲದಾಗ ಈ ಗಿಡ ಹಗಲು ಬಾಯಿ ಬಿಗಿದುಕೊಂಡು, ರಾತ್ರಿ ಗಾಳಿ ಒಳಗೆಳೆದು ಹುಳಿಯಾಗಿ ಕೂಡಿಡುತ್ತದಂತೆ. ಆ ಕೆಲಸಕ್ಕೆ ಬೇಕಾದ ಪಿಷ್ಟವನ್ನು ಹಗಲೇ ಎಲೆಯಲ್ಲಿ ಸೇರಿಸಿಟ್ಟು, ಬೆಳಗಾಗುವವರೆಗೆ ಬರುವಂತೆ ಅಳೆದಳೆದು ಖರ್ಚು ಮಾಡುತ್ತದಂತೆ. ಕತ್ತಲೆ ಕೋಣೆಯಲ್ಲಿಟ್ಟರೂ ಅದಕ್ಕೆ ಹೊತ್ತು ಗೊತ್ತಂತೆ. ನಾನಾದರೋ ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ರೊಟ್ಟಿಯನ್ನು ಎಂಟು ಗಂಟೆಗೇ ಮುಗಿಸುವವನು. ನನ್ನ ಚಿನಾಂಪ ಬೇರೆ ಎತ್ತರದ್ದು, ಬಕೆಟ್ ಹೊತ್ತು ನೀರು ಹಾಕಲು ಮೈಗಳ್ಳತನ. ಗಿಡವನ್ನು ಬಾಯಾರಿಸಿ, ಹುಳಿ ತುಂಬಿ ತುಳುಕುವ ಗಳಿಗೆಗೇ ಸರಿಯಾಗಿ ಕುಡುಗೋಲು ಹಿಡಿದು ಹಾಜರಾಗುತ್ತಿದ್ದೆ.

“ಹಾಗಾದ್ರೆ ಉತ್ತರ?” ಎಂದು ಬಿದ್ದು ಬಂದ ಆ ಸಂಜೆಯೇ ಎದುವಿಹೆಸ್‌ಳನ್ನು ಕೇಳಿದೆ.

“ಮೂರು ವರ್ಷದಿಂದ ಹೂಂ ಅಂತಾನೇ ಇದೆ. ರೊಟ್ಟಿ ಬುಟ್ಟಿ ತಗೊಂಡ್ ಬಾ.” ಅವಳು ಖಾಲಿ ಕುರ್ಚಿಯ ಕಡೆ ನೋಡಿದಳು. “ಆದ್ರೆ ತಗೊಳ್ಳೋರು ಯಾರು?”

ಹೆಣ್ಣು ಕೇಳಲು ಹೋದವನು ರೊಟ್ಟಿ ತುಂಬಿದ ಬುಟ್ಟಿಯನ್ನು ಹೆಣ್ಣಿನ ತಾಯಿಯ ಕೈಗಿಡುವುದು ನಮ್ಮ ಪದ್ಧತಿ. ಅದನ್ನು ಹಿಡಿಯಲೆಂದೇ ಆ ಮುದುಕಿ ಸಾಯುವವರೆಗೂ ನನ್ನನ್ನು ಕರೆದಿದ್ದಳು.

ಭಾನುವಾರ ಬುಟ್ಟಿ ಹೊತ್ತು ಇಬ್ಬರೂ ಸ್ಮಶಾನಕ್ಕೆ ಹೋದೆವು. ಬೆಳಿಗ್ಗೆಯೇ ಹೊರಡೋಣ ಎಂದು ಬಾಯಿ ತೆರೆದವನು ಮುಚ್ಚಿಕೊಂಡೆ. ನಾಲ್ಕು ಗಂಟೆಯ ಬಿಸಿಲಲ್ಲಿ ಬುಟ್ಟಿಯನ್ನು ಗೋರಿಯ ಮೇಲಿಟ್ಟು ಮೊಣಕಾಲೂರಿದೆ.

“ಅಮ್ಮಾ,” ಎಂದೆ, “ಸಂಜೆ ಬಂದಿದ್ದೀನಿ.”