ಬಂದವರಿಗಾಗಿ ಮಿಲ್ಲು ನಿಲ್ಲಿಸುತ್ತಿದ್ದವರು

ಮಿಲ್ಲಿನ ಸಾಹೇಬರ ಹುಬ್ಬು ಬೆಳಿಗ್ಗೆ ಕಪ್ಪಗಿರುತ್ತಿತ್ತು, ಮಧ್ಯಾಹ್ನಕ್ಕೆ ಬೆಳ್ಳಗಾಗುತ್ತಿತ್ತು. ಕಿವಿಯಂಚು, ಮೂಗಿನ ತುದಿ, ಮುಂಗೈ ಕೂದಲು, ಎಲ್ಲೆಲ್ಲೂ ಅಕ್ಕಿಹಿಟ್ಟು. ಕೊಪ್ಪದಲ್ಲಿ ಅವರ ಹಿಟ್ಟಿನ ಗಿರಣಿಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಇಡೀ ದಿನ ಅಷ್ಟು ಗದ್ದಲದಲ್ಲಿ ನಿಲ್ಲುತ್ತಿದ್ದವರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಾಗಿಲಿಗೆ ಯಾರೇ ಬಂದರೂ ಮಿಷನ್ ಆರಿಸಿ, ಬೆಲ್ಟು ಪೂರ್ತಿ ನಿಂತ ಮೇಲೆಯೇ "ಹೇಳಿ, ಎಂತ ತಂದ್ರಿ?" ಎನ್ನುತ್ತಿದ್ದರು. ಬಂದವರ ಮುಂದೆ ಕಿರುಚುವುದು ಮರ್ಯಾದೆಯಲ್ಲ ಎಂಬುದು ಅವರ ಕಾನೂನು. ಹಿಟ್ಟು ತಡವಾಗುತ್ತದೆಂದು ನಾವು ಹೆಂಗಸರು ಗೊಣಗುತ್ತಿದ್ದೆವು.

"ಹೀಗೆ ನಿಲ್ಸಿ ನಿಲ್ಸಿ ಬೀಸಿದ್ರೆ ರೊಟ್ಟಿ ನಾಳೆಗೇ ಸೈ" ಎಂದು ರೇಗಿಸಿದರೆ, "ನಾಳೆ ಹಸಿವು ಜಾಸ್ತಿ ಇರ್ತದೆ ಮಾರಾಯ್ತಿ" ಎಂದು ನಗುತ್ತಿದ್ದರು.

ಎದುರಿಗೆ ಹೊಸ ಲಾಡ್ಜ್ ಎದ್ದಿತು. ಮಿಲ್ಲಿನ ಸದ್ದಿಗೆ ಗಿರಾಕಿಗಳು ನಿಲ್ಲುತ್ತಿಲ್ಲವೆಂದು ಅದರ ಮಾಲೀಕರು ದೂರು ಕೊಟ್ಟರು. ಮನೆಗಳಿರುವ ಬೀದಿಯಲ್ಲಿ ಸದ್ದು ಇಷ್ಟೇ ಇರಬೇಕೆಂಬ ಮಿತಿ ಇದೆಯಂತೆ. ಮೀರಿದರೆ ಮಿಲ್ಲು ಅಲ್ಲಿಂದ ಏಳಬೇಕು. ಅಳೆಯುವ ಯಂತ್ರ ಹಿಡಿದು ಇಬ್ಬರು ಅಧಿಕಾರಿಗಳು ಬಂದೇ ಬಿಟ್ಟರು. ಸಾಹೇಬರು ಅಭ್ಯಾಸದಂತೆ ಮಿಷನ್ ಆರಿಸಿ, ಬೆಂಚು ಒರೆಸಿ, ಕೂರಿಸಿ, ಚಹಾ ತರಿಸಿದರು. ಚಹಾದ ಋಣವೋ, ಮುಂದಿನ ಊರಿನ ಅವಸರವೋ, ಹಿರಿಯ ಅಧಿಕಾರಿ ಕೂತಲ್ಲೇ ಯಂತ್ರ ನೋಡಿ, "ಮಿತಿ ಒಳಗೇ ಇದೆ, ಬರ್ಕೊಳ್ಳಿ" ಎಂದರು. ಗುಂಪು ಕಟ್ಟಿದ್ದ ನಾವೆಲ್ಲ ಒಳಗೊಳಗೇ ಹಿಗ್ಗಿದೆವು.

"ಸಾರ್, ಮಿಷನ್ ನಿಂತಿತ್ತಲ್ಲ? ಈಗ ಹಾಕ್ತೀನಿ, ಅಳೀರಿ" ಎಂದರು ಸಾಹೇಬರು.

"ಸುಮ್ನಿರಿ ಮಾರಾಯ್ರೆ!" ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ಅವರು ಸ್ವಿಚ್ ಒತ್ತಿಯಾಗಿತ್ತು. ಸದ್ದು ಮಿತಿ ಮೀರಿತ್ತು.

ಅಧಿಕಾರಿಗಳು ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. "ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ" ಎಂದೆ.

ಅವರು ನಮ್ಮ ಗೋಡೆಯ ಕಡೆ ನೋಡಿದರು. ಅದರಾಚೆ, ಹೃದಯದ ಆಪರೇಷನ್ ಆಗಿದ್ದ ನನ್ನ ಅಪ್ಪ ಮಲಗಿದ್ದರು. ಅಪ್ಪ ಮೇಷ್ಟ್ರಾಗಿದ್ದವರು. "ಮೇಷ್ಟ್ರಿಗೆ ಹಗಲು ಕಣ್ಣು ಮುಚ್ಚಕ್ಕೆ ಆಗ್ತಿಲ್ಲ ಅಂತ ಗೊತ್ತು ಮಗಳೆ. ಗೋಡೆಗೆ ಗೋಣಿ ಕಟ್ಟಿ ನೋಡ್ದೆ, ಆಗ್ಲಿಲ್ಲ. ನಾನಾಗೇ ಜಾಗ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಅವ್ರು ಒಂದು ಮಾತು ಹೇಳಿದ್ರೆ ಜಗಳನಾದ್ರೂ ಆಡ್ಬಹುದಿತ್ತು. ಹೇಳ್ಲೇ ಇಲ್ವಲ್ಲ!"



ಮಿಲ್ಲು ಊರಾಚೆ ನಾರ್ವೆ ರಸ್ತೆಯ ಶೆಡ್ಡಿಗೆ ಹೋಯಿತು. ಅಷ್ಟು ದೂರ ಡಬ್ಬ ಹೊರುವವರು ಯಾರು? ಬೀದಿಯವರು ಪ್ಯಾಕೆಟ್ ಹಿಟ್ಟಿಗೆ ಒಗ್ಗಿಕೊಂಡರು. ನನ್ನಿಂದ ವಿಷಯ ತಿಳಿದಿದ್ದ ಅಪ್ಪ ಮಾತ್ರ ಹಟ ಹಿಡಿದು ನನ್ನನ್ನು ಅಲ್ಲಿಗೇ ಅಟ್ಟುತ್ತಿದ್ದರು. ನನ್ನ ಸ್ಕೂಟರ್ ಕಂಡೊಡನೆ ಸಾಹೇಬರು ಮಿಷನ್ ಆರಿಸಿ ಹೊರಬರುತ್ತಿದ್ದರು. ಎಷ್ಟೋ ಸಲ ಆರಿಸಲು ಮಿಷನ್ ಓಡುತ್ತಲೇ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಪ್ಪ ನನ್ನ ಹೆಗಲು ಹಿಡಿದು ಅವರ ಮನೆಯವರೆಗೆ ನಡೆದರು. ಜಗಲಿಯಲ್ಲಿ ಸಾಹೇಬರ ಮಗನ ಕೈ ಹಿಡಿದು, "ನಂಗೆ ನಿದ್ದೆ ಕೊಟ್ಟು ನಿಮ್ಮಪ್ಪ ಗಿರಾಕಿ ಕಳ್ಕೊಂಡ್ರು" ಎಂದು ಬಿಕ್ಕಿದರು.

ಮಗ ಅಪ್ಪನನ್ನು ಕೂರಿಸಿ ಹೇಳಿದ: "ಹಂಗೆಲ್ಲ ಅನ್ಬೇಡಿ ಮೇಷ್ಟ್ರೆ. ಯಾರೂ ಬರ್ದಿದ್ದ ದಿನನೂ ಅಬ್ಬ ಮಧ್ಯಾಹ್ನ ಊಟಕ್ಕೆ ಕೂತ್ಕಂಡು, 'ಈಗ ಮೇಷ್ಟ್ರು ಮಲ್ಗಿರ್ತಾರೆ' ಅಂತ ಹೇಳೇ ಉಣ್ತಿದ್ರು."