ಮೂರು ಮಿಸ್ ಕಾಲ್

ನಮ್ಮ ಕೊಟ್ಟೂರಿಗೆ ಮೊಬೈಲು ಬಂದ ಹೊಸದರಲ್ಲಿ ಅದು ರಿಂಗಾದರೆ ಯಾರೂ ಎತ್ತುತ್ತಿರಲಿಲ್ಲ, ನೋಡುತ್ತಿದ್ದರು, ಅಷ್ಟೆ. ಎತ್ತಿದವನು ಎದುರಿನವರ ಕರೆನ್ಸಿ ತಿಂದ ಪಾಪಿ. ಕಂಪನಿಗಳು ಪೈಪೋಟಿಗೆ ಬಿದ್ದು ದರ ಇಳಿಸುತ್ತಿದ್ದರೆ, ನಾವು ಅವುಗಳನ್ನೂ ಮೀರಿಸಿ, ಮಾತನ್ನೇ ಆಡದೆ ಸಂಸಾರ ನಡೆಸುವ ವಿದ್ಯೆಯನ್ನು ಸಿದ್ಧಿಸಿಕೊಂಡಿದ್ದೆವು. ಅದರ ಹೆಸರು ಮಿಸ್ ಕಾಲ್.

ಈ ವಿದ್ಯೆಯಲ್ಲಿ ನನ್ನ ಹೆಂಡತಿ ಗಿರಿಜೆಯದು ಪಾಂಡಿತ್ಯ. ಮಗಳ ಚೊಚ್ಚಲ ಹೆರಿಗೆಗೆಂದು ದಾವಣಗೆರೆಯ ಆಸ್ಪತ್ರೆಗೆ ಹೊರಟಾಗ ಬಾಗಿಲಲ್ಲಿ ನಿಂತು ಸಂಹಿತೆ ಬೋಧಿಸಿದಳು: "ಒಂದು ಕೊಟ್ರ ಮುಟ್ಟೀನಿ ಅಂತ. ಎರಡು ಕೊಟ್ರ ಹೆರಿಗಿ ಆತು, ಇಬ್ರೂ ಆರಾಮ ಅದಾರ ಅಂತ. ಮೂರು ಕೊಟ್ರ ಇದ್ದಂಗ ಹೊರಟು ಬರ್ರಿ." ಒಂದು ಅಂದೇ ಸಂಜೆ ಬಂತು. ಮಗಳಿಗೆ ರಕ್ತದೊತ್ತಡ ಏರಿದೆಯೆಂದು ವೈದ್ಯರು ಮೊದಲೇ ಹೆದರಿಸಿದ್ದರಿಂದ ಆ ಮೂರರ ಮಾತು ನನ್ನ ಎದೆಯಲ್ಲೇ ಕೂತಿತ್ತು.

ನನ್ನ ಕೈಯಲ್ಲಿದ್ದದ್ದು ಆಗತಾನೆ ಕೊಂಡ ಚೀನಾ ಸೆಟ್ಟು. ದೊಡ್ಡ ಕಂಪನಿಯ ಫೋನಿನತ್ತ ಆಸೆಗಣ್ಣು ಬಿಟ್ಟಿದ್ದ ನನ್ನನ್ನು ರಿಪೇರಿ ಅಂಗಡಿಯ ಬಾಷಾ ತಡೆದು, "ಅದಕ್ಯಾಕ ಅಷ್ಟು ರೊಕ್ಕ ಸುರೀತೀರಿ ಮೇಷ್ಟ್ರ, ಕಾಲು ರೇಟಿಗೆ ಇದು ಐತಿ. ಎರಡು ಸಿಮ್ಮು, ಟಚ್ಚು, ಎಲ್ಲಾ ಐತಿ ನೋಡ್ರಿ" ಎಂದಿದ್ದ. ಜಗತ್ತಿನ ದೈತ್ಯ ಕಂಪನಿಗಳು ಕಟ್ಟಿದ ಬೆಲೆಯ ಕೋಟೆಗೆ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು ಲಗ್ಗೆಯಿಟ್ಟು ಗೆದ್ದನೆಂಬ ಜಂಬದಲ್ಲಿ ಮನೆಗೆ ಬಂದೆ. ಬ್ಯಾಟರಿಯ ಆಯುಷ್ಯ ಅರ್ಧ ದಿನವೆಂಬುದು ಮರುದಿನ ತಿಳಿಯಿತು.

ಶುಕ್ರವಾರ ಊಟದ ಬಿಡುವಿನಲ್ಲಿ ಫೋನು ತೆಗೆದರೆ ಪರದೆಯ ಮೇಲೆ ಮೂರು ಮಿಸ್ ಕಾಲ್. ಒತ್ತಿ ನೋಡುವಷ್ಟರಲ್ಲಿ ಪರದೆ ಕಪ್ಪಾಯಿತು. ಬಾಷಾನ ಅಂಗಡಿಗೆ ಓಡಿದೆ. ಅವನು ನಮಾಜಿಗೆ ಹೋಗಿದ್ದ. ಕಾಯಿನ್ ಬೂತಿನಲ್ಲಿ ನಾಣ್ಯ ಹಿಡಿದು ನಿಂತಾಗ ಹೊಳೆಯಿತು: ಗಿರಿಜೆಯ ನಂಬರೇ ನನಗೆ ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳಿಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿಸುವ ನಾನು ಹೆಂಡತಿಯ ಹತ್ತು ಅಂಕಿಗಳನ್ನು ಆ ಸತ್ತ ಸೆಟ್ಟಿಗೆ ಒಪ್ಪಿಸಿ ನಿಶ್ಚಿಂತನಾಗಿದ್ದೆ. ಮನೆಗೆ ಹೋಗಿ ಚಾರ್ಜಿಗಿಟ್ಟರೆ ದಾವಣಗೆರೆ ಬಸ್ಸು ತಪ್ಪುತ್ತಿತ್ತು.

ಬಸ್ಸು ಹತ್ತಿದೆ. ಹರಪನಹಳ್ಳಿ ದಾಟಿದರೂ ತಲೆಯಲ್ಲಿ ಒಂದೇ ಪ್ರಶ್ನೆ: ಮಗಳೋ, ಮಗುವೋ? ಒಬ್ಬರನ್ನು ಉಳಿಸೆಂದರೆ ಇನ್ನೊಬ್ಬರನ್ನು ಬಿಟ್ಟುಕೊಟ್ಟಂತಾಗುತ್ತದೆಂದು ದೇವರನ್ನು ಬೇಡಿಕೊಳ್ಳಲೂ ಹೆದರಿದೆ. ಪಕ್ಕದವರ ಫೋನು ರಿಂಗಾದಾಗಲೆಲ್ಲ ಬೆವೆತೆ. ನಗಬೇಡಿ, ಓದುಗರೇ, ಅವರೂ ಎತ್ತಲಿಲ್ಲ, ನೋಡಿದರಷ್ಟೆ.

ಆಸ್ಪತ್ರೆಯ ಮೆಟ್ಟಿಲಲ್ಲಿ ಗಿರಿಜೆ ಫ್ಲಾಸ್ಕು ಹಿಡಿದು ಇಳಿಯುತ್ತಿದ್ದಳು. ಮೂರು ಬೆರಳೆತ್ತಿ ತೋರಿಸಿದೆ.

"ನಾ ಕೊಟ್ಟಿದ್ದು ಎರಡ ರೀ," ಎಂದಳು. "ಇನ್ನೊಂದು ಅಳಿಯಂದು. ಅವರ ಸಿಮ್ಮು ಬ್ಯಾರೆ ಕಂಪನಿದು, ಮಾತಾಡಿದ್ರ ರೇಟು ಜಾಸ್ತಿ ಅಂತ ಖುಷಿಗೆ ಒಂದು ಕೊಟ್ಟಾರ. ಮಗಳು, ಕೂಸು ಇಬ್ರೂ ಆರಾಮ ಅದಾರ."

ಆ ಮೆಟ್ಟಿಲ ಮೇಲೆಯೇ ಕುಳಿತು ಅತ್ತುಬಿಟ್ಟೆ.

ಅಂದಿನಿಂದ ನಾನು ಫೋನು ರಿಂಗಾದೊಡನೆ ಎತ್ತುತ್ತೇನೆ. ಕರೆನ್ಸಿ ನುಂಗುವ ರಾಕ್ಷಸನೆಂದು ಬಂಧುಬಳಗ ನನ್ನನ್ನು ದೂರ ಇಟ್ಟಿದೆ. ಮೊನ್ನೆ ಮಿಸ್ ಕಾಲ್ ಕೊಡಹೋಗಿ ಮಗಳು ಸಿಕ್ಕಿಬಿದ್ದಳು. "ಎಷ್ಟು ಸಲ ಹೇಳಬೇಕಪ್ಪ ನಿನಗ, ಎತ್ತಬ್ಯಾಡ ಅಂತ" ಎಂದು ಬೈಯಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನೂ ಇಡಲಿಲ್ಲ. ಅವಳ ಕರೆನ್ಸಿ ಮುಗಿದು ಫೋನು ತಾನಾಗಿ ಕಟ್ಟಾಗುವವರೆಗೂ ಆ ಗಟ್ಟಿ ದನಿಯನ್ನು ಕೇಳುತ್ತ ಕುಳಿತಿದ್ದೆ.